ಕಚ್ಚಿಟ್ಟ ರೊಟ್ಟಿ

ರೊಟ್ಟಿ ಬೇಯುವ ವಾಸನೆಗೂ ಮೊದಲು ಬರುವ ಇನ್ನೊಂದು ವಾಸನೆಯಿತ್ತು. ಹತ್ತಿಗಿಡದ ಒಣಕಡ್ಡಿ ಧಗಧಗ ಉರಿದು ಕೆಂಡವಾಗಿ, ತಂದೂರಿನ ಒಳಗೋಡೆ ಕಪ್ಪು ಬಿಟ್ಟು ಬೆಳ್ಳಗಾದ ಮೇಲೆ, ಅಮ್ಮ ಬೊಗಸೆಯಲ್ಲಿ ಉಪ್ಪುನೀರು ತೆಗೆದು ಅದಕ್ಕೆ ಎರಚುತ್ತಿದ್ದಳು. ಚುಂಯ್ ಎಂದು ಮಣ್ಣು ನೀರು ಕುಡಿಯುತ್ತಿತ್ತು. ಆಗ ಏಳುತ್ತಿದ್ದ ವಾಸನೆ ಅಂಗಳ ದಾಟಿ ಬಂದು ಹೊದಿಕೆಯೊಳಗೆ ನುಗ್ಗಿ ಎಬ್ಬಿಸುತ್ತಿತ್ತು. ಹುಲ್ಕರಳಿಗೆ ಬಾಲ್ಯವೆಂದರೆ ಅದೇ. ಜಪಾನಿನಲ್ಲಿ ಓದುತ್ತಿದ್ದಾಗ ಒಂದು ಬೇಸಿಗೆಯ ಮಧ್ಯಾಹ್ನ ವಿಶ್ವವಿದ್ಯಾಲಯದ ಹಿಂದಿನ ಹಾದಿಯಲ್ಲಿ ಕೆಲಸದವನೊಬ್ಬ ಕಾದ ಇಟ್ಟಿಗೆಗಳಿಗೆ ನೀರು ಹೊಡೆಯುತ್ತಿದ್ದ. ಅಲ್ಲಿ ಹಾದುಹೋಗುತ್ತಿದ್ದ ಇವಳು ನಿಂತಲ್ಲೇ ಅತ್ತುಬಿಟ್ಟಿದ್ದಳು. ಆ ಮನುಷ್ಯ ಗಾಬರಿಯಾಗಿ ಕೊಳವೆ ಕೆಳಗಿಟ್ಟು, ತನ್ನ ಕೊರಳಿಗೆ ಸುತ್ತಿದ್ದ ಟವೆಲನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದ್ದ. ಬೆವರಿನಿಂದ ಒದ್ದೆಯಾಗಿದ್ದ ಅದರಲ್ಲೇ ಅವಳು ಕಣ್ಣೊರೆಸಿಕೊಂಡಿದ್ದಳು.

ಈಗ ತನ್ನ ಊರಾದ ರಿಶ್ತಾನಿನ ಮನೆಯಲ್ಲಿ, ವಾಪಸು ಬಂದ ಮೇಲಿನ ಮೊದಲ ಬೆಳಗು. ಅವಳು ಕಣ್ಣು ಮುಚ್ಚಿಕೊಂಡೇ ಆ ವಾಸನೆಗಾಗಿ ಕಾದಳು. ಅಂಗಳದಲ್ಲಿ ಕಡ್ಡಿ ಮುರಿಯುವ ಸದ್ದು, ಅತ್ತಿಗೆಯ ಚಪ್ಪಲಿಯ ಸದ್ದು, ಕಡೆಗೆ ಆ ಚುಂಯ್ ಕೂಡ ಕೇಳಿಸಿತು. ವಾಸನೆ ಮಾತ್ರ ಬರಲಿಲ್ಲ. ಮೂಗು ಕಟ್ಟಿದೆಯೆ ಎಂದು ಜೋರಾಗಿ ಉಸಿರೆಳೆದಳು. ಹೊದಿಕೆಯ ಹತ್ತಿಯ ವಾಸನೆ ಇತ್ತು, ತನ್ನ ಅಂಗೈಯಲ್ಲಿ ಆ ದೇಶದ ಸೋಪಿನ ವಾಸನೆ ಇನ್ನೂ ಇತ್ತು. ಕಿವಿ ಮನೆಗೆ ಬಂದಿದೆ, ಮೂಗು ಬಂದಿಲ್ಲ ಎಂದು ತನಗೇ ತಮಾಷೆ ಹೇಳಿಕೊಂಡಳು. ನಗು ಬರಲಿಲ್ಲ. ಎದೆಯ ಎಡಬದಿಯಲ್ಲಿ ಏನೋ ಚಿಕ್ಕದೊಂದು, ಇಲಿಮರಿಯಂಥದ್ದು, ಒಮ್ಮೆ ಸರಿದಾಡಿ ಸುಮ್ಮನಾಯಿತು.

ಎದ್ದು ಹಾಸಿಗೆ ಮಡಿಸಿಟ್ಟು, ಯಾರೂ ಎದುರಾಗದಿರಲಿ ಎಂದುಕೊಳ್ಳುತ್ತ, ಅತಿಥಿಗಳ ಕೋಣೆಗೆ ಹೋದಳು. ನಿನ್ನೆ ಸಂಜೆ ಇಲ್ಲಿ ಬೀದಿಗೆ ಬೀದಿಯೇ ಸೇರಿತ್ತು. ಊಟಕ್ಕೆ ನೆಲದಲ್ಲಿ ಹಾಸಿದ ದಸ್ತರ್‌ಖಾನಿನ ಬಟ್ಟೆಯ ಮೇಲೆ ಒಣದ್ರಾಕ್ಷಿ, ಬಾದಾಮಿ, ಕಲ್ಲಂಗಡಿ, ಪಲಾವಿನ ಹರಿವಾಣ. ಪ್ರಯಾಣದ ಮಂಪರಿನಲ್ಲಿ ಅವಳಿಗೆ ಮುಖಗಳು ಒಂದರ ಮೇಲೊಂದು ಬಿದ್ದಂತೆ ಕಾಣುತ್ತಿದ್ದವು. ಯಾರೋ "ಮೊದ್ಲು ರೊಟ್ಟಿ, ಮೊದ್ಲು ರೊಟ್ಟಿ" ಎಂದರು. ಅತ್ತಿಗೆ ಓಯ್ಜಮಾಲ್ ಗೋಡೆಯ ಮೊಳೆಯಿಂದ ಒಂದು ಬಟ್ಟೆಗಂಟು ಇಳಿಸಿ, ಬೆನ್ನು ಈಕಡೆ ಮಾಡಿ ಬಿಚ್ಚಿ, ರೊಟ್ಟಿಯನ್ನು ತುಂಡು ಮಾಡಿ ಬಿಸಿ ಚಹಾದಲ್ಲಿ ನೆನೆಸಿ ತಂದಿಟ್ಟಳು. ಮನೆ ಬಿಟ್ಟು ದೂರ ಹೋಗುವವರು ಹೊಸಿಲು ದಾಟುವ ಮುಂಚೆ ರೊಟ್ಟಿಯ ಅಂಚನ್ನು ಒಂದು ಸಲ ಕಚ್ಚಬೇಕು. ಉಳಿದದ್ದು ಅವರು ಬರುವ ತನಕ ಗೋಡೆಯಲ್ಲಿ ಕಾಯುತ್ತದೆ. ಬಂದ ಮೇಲೆ ಅವರೇ ತಿಂದು ಮುಗಿಸಬೇಕು; ಬೇರೆಯವರು ತಿಂದರೆ ಹೋದವರು ಬರುವುದಿಲ್ಲವೆಂದು ನಂಬಿಕೆ. ಈ ಬೀದಿಯಲ್ಲಿ ಗೋಡೆಯಲ್ಲಿ ರೊಟ್ಟಿ ತೂಗದ ಮನೆ ಯಾವುದಿದೆ? ಒಬ್ಬರ ಮಗ ರಷ್ಯಾದಲ್ಲಿ, ಇನ್ನೊಬ್ಬರ ಅಳಿಯ ಕೊರಿಯಾದಲ್ಲಿ. ಹುಲ್ಕರ್ ನೆನೆದ ತುಂಡುಗಳನ್ನು ಬಾಯಿಗಿಟ್ಟುಕೊಂಡು ನುಂಗಿದಳು. ಎಲ್ಲರೂ ಅಂಗೈ ಎತ್ತಿ ಮುಖ ಸವರಿಕೊಂಡು ಆಮೀನ್ ಎಂದರು. ಅಷ್ಟರ ಮಟ್ಟಿಗೆ ಅವಳು ಮನೆಗೆ ಬಂದದ್ದಾಯಿತು.

ಬೆಳಗಿನ ಬೆಳಕಿನಲ್ಲಿ ಗೋಡೆಯ ಮೇಲೆ ಎರಡು ಮೊಳೆ. ಒಂದು ಖಾಲಿ. ಇನ್ನೊಂದರಲ್ಲಿ ರಷ್ಯಾಕ್ಕೆ ದುಡಿಯಲು ಹೋದ ಅಣ್ಣ ಇಲ್ಹೋಮನ ರೊಟ್ಟಿ, ಎರಡಕ್ಕೂ ಸುತ್ತಿದ್ದ ಅದೇ ಹಳೆಯ ಪರದೆಯ ಹೂಬಟ್ಟೆಯಲ್ಲಿ. ಅವಳು ಜಪಾನಿನಲ್ಲಿ ಓದಿದ್ದು ಧಾನ್ಯಗಳಿಗೆ ಹಿಡಿಯುವ ಬೂಷ್ಟಿನ ಬಗ್ಗೆ. ಇಷ್ಟೊಂದು ಚಳಿಗಾಲ, ಇಷ್ಟೊಂದು ವಸಂತ ಕಳೆದರೂ ರೊಟ್ಟಿ ಕೆಡದೆ ಹೇಗೆ ಉಳಿಯಿತು ಎನ್ನುವ ಕುತೂಹಲ ನಿನ್ನೆ ತಿನ್ನುವಾಗಲೇ ಬಂದಿತ್ತು. ಆ ಜನರ ನಡುವೆ ತುಂಡನ್ನು ಕಣ್ಣ ಹತ್ತಿರ ಹಿಡಿದು ನೋಡುವಂತಿರಲಿಲ್ಲ. ಈಗ ಕೈಚಾಚಿ ಗಂಟು ಇಳಿಸಿದಳು, ಬಿಚ್ಚಿದಳು. ಕಲ್ಲಿನಂತೆ ಒಣಗಿದ, ನಡುವೆ ಅಮ್ಮ ಬೇಯಿಸುವ ಮುಂಚೆ ಒತ್ತುವ ಮುದ್ರೆಯ ಚುಕ್ಕಿಗಳಿದ್ದ ರೊಟ್ಟಿ. ಕರಿಜೀರಿಗೆಯ ಕಾಳುಗಳು ಹಾಗೆಯೇ ಇದ್ದವು. ಬೂಷ್ಟು ಎಲ್ಲೂ ಇರಲಿಲ್ಲ. ತಿರುಗಿಸಿ ನೋಡಿದಳು. ಅಂಚಿನಲ್ಲಿ ಕಚ್ಚಿದ ಗುರುತು. ಎರಡು ಹಲ್ಲಿನ ಎರಡು ಗುಳಿ, ಅವುಗಳ ನಡುವೆ ಕಚ್ಚದೆ ಉಳಿದ ಸಣ್ಣ ಗೋಡೆಯಂಥ ಏಣು.

ಅವಳಿಗೆ ಅದು ತಕ್ಷಣ ಅರ್ಥವಾಗಲಿಲ್ಲ. ಅರ್ಥವಾಗಬಾರದೆಂದು ಮನಸ್ಸು ಸ್ವಲ್ಪ ಹೊತ್ತು ಹಿಡಿದುಕೊಂಡಿತು. ಆಮೇಲೆ ನಾಲಿಗೆ ತಾನೇ ಹೋಗಿ ಮುಂದಿನ ಎರಡು ಹಲ್ಲುಗಳ ನಡುವೆ ತಡಕಿತು. ಅಲ್ಲಿ ಈಗ ಸಂದಿಲ್ಲ. ಹುಟ್ಟಿನಿಂದ ಇದ್ದ ಸಂದು, ಕಡಲೆಬೀಜ ಸಿಕ್ಕಿಕೊಳ್ಳುತ್ತಿದ್ದ ಸಂದು. "ನಿನ್ನ ಬಾಯಿಗೊಂದು ಬಾಗಿಲು ಹಾಕಿಸ್ಬೇಕು ಕಣೇ, ಮಾತಾಡಿದ್ರೆ ಗಾಳಿ ಬೀಸತ್ತೆ" ಎಂದು ಇಲ್ಹೋಮ್ ಛೇಡಿಸುತ್ತಿದ್ದ ಸಂದು. ಜಪಾನಿನ ದಂತ ಕಾಲೇಜಿನ ಹುಡುಗರು ಕಲಿಯುವುದಕ್ಕೆಂದು ಪುಕ್ಕಟೆ ತಂತಿ ಬಿಗಿದು ಅದನ್ನು ಮುಚ್ಚಿದ್ದರು. ತಂತಿ ಬಿಚ್ಚಿದ ದಿನ ಫೋನಿನಲ್ಲಿ ಮುಖ ತೋರಿಸಿದಾಗ ಇಲ್ಹೋಮ್ ಬಹಳ ಹೊತ್ತು ನಕ್ಕು, "ಬಾಗಿಲು ಹಾಕ್ಸೇಬಿಟ್ಯಲ್ಲ! ಇನ್ನು ನಿನ್ನ ಗುರುತು ಹಿಡಿಯೋದು ಹೆಂಗೆ?" ಎಂದಿದ್ದ. ಅವನ ಹಿಂದೆ ಹಿಮ ಬೀಳುತ್ತಿತ್ತು, ಅರ್ಧ ಎದ್ದ ಕಟ್ಟಡವೊಂದಿತ್ತು.

ಈ ಗುರುತು ಅವಳದು. ಈ ರೊಟ್ಟಿ ಅವಳದು. ಹಾಗಾದರೆ ನಿನ್ನೆ ತಿಂದದ್ದು ಇಲ್ಹೋಮನದು.

ಗಂಟನ್ನು ಮತ್ತೆ ಕಟ್ಟಿ ಅದೇ ಮೊಳೆಗೆ ತೂಗುಹಾಕಿದಳು. ವಸಂತದಲ್ಲಿ ಗೋಡೆಗೆ ಸುಣ್ಣ ಹೊಡೆಸಿದಾಗ ಎರಡನ್ನೂ ಇಳಿಸಿ ಮತ್ತೆ ತೂಗುಹಾಕಿರಬೇಕು, ಆಗ ಅದಲುಬದಲಾಗಿರಬೇಕು, ಅತ್ತಿಗೆಗೆ ಗೊತ್ತಾಗಿರಲಿಕ್ಕಿಲ್ಲ, ಒಂದೇ ಬಟ್ಟೆ, ಒಂದೇ ಅಳತೆ. ಹೀಗೆ ಒಂದೊಂದಾಗಿ ಕಾರಣ ಜೋಡಿಸಿದಳು. ಕಾರಣ ಸರಿಯಾಗಿದ್ದಷ್ಟೂ ಎದೆಯೊಳಗಿನ ಇಲಿಮರಿ ದೊಡ್ಡದಾಯಿತು. ಇಲ್ಹೋಮ್ ವಸಂತದಿಂದ ಈಚೆಗೆ ಮನೆಗೆ ಫೋನ್ ಮಾಡಿರಲಿಲ್ಲ. ಅದನ್ನು ಅಮ್ಮ "ದೂರದ ಕಟ್ಟಡಕ್ಕೆ ಹಾಕಿದಾರಂತೆ, ಅಲ್ಲಿ ಫೋನ್ ಹತ್ತಲ್ವಂತೆ" ಎಂದು ಹೇಳುತ್ತಿದ್ದಳು. ಯಾರು ಹೇಳಿದರೆಂದು ಮಾತ್ರ ಹೇಳುತ್ತಿರಲಿಲ್ಲ. ಅವನು ಆ ವಸಂತದಲ್ಲೇ ಹುಲ್ಕರಳಿಗೂ ಒಮ್ಮೆ ಕರೆ ಮಾಡಿದ್ದ, ಅವಳ ಪರೀಕ್ಷೆಯ ದಿನಗಳಲ್ಲಿ. ಸೂಕ್ಷ್ಮದರ್ಶಕದ ಪಕ್ಕದಲ್ಲಿ ಫೋನು ಗುಂಯ್‌ಗುಡುತ್ತ ಮೇಜಿನ ಮೇಲೆ ತಾನೇ ತಿರುಗುತ್ತಿತ್ತು. ಅವಳು 'ಆಮೇಲೆ' ಎಂಬ ಒಂದೇ ಪದ ಕಳಿಸಿದ್ದಳು. ಆಮೇಲೆ ಮಾಡಲಿಲ್ಲ. ಆ ಪದದ ಕೆಳಗೆ ಇವತ್ತಿಗೂ ಏನೂ ಇಲ್ಲ.

ಅಂಗಳದಲ್ಲಿ ಅಮ್ಮ, ಬೀದಿಯವರು ಅಕ್ಕ ಎನ್ನುವ ಅರ್ಥದಲ್ಲಿ ಕರೆಯುವ ಸಲೋಮತ್ ಆಪಾ, ತಂದೂರಿನಿಂದ ರೊಟ್ಟಿ ಕೀಳುತ್ತಿದ್ದಳು. ಮಗಳನ್ನು ಕಂಡು, "ಎದ್ಯಾ? ಮುಖ ಯಾಕೆ ಹಿಟ್ಟು ಬಳಿದ ಹಾಗಿದೆ?" ಎಂದಳು.

"ನಿದ್ದೆ ಸಾಲ್ಲಿಲ್ಲ ಅಮ್ಮ."

"ಅಲ್ಲಿಯ ಹೊತ್ತು ಇನ್ನೂ ಮೈಯಲ್ಲಿದೆ. ಇಳಿಯತ್ತೆ ಬಿಡು." ಅಮ್ಮ ಅವಳ ಕಡೆ ನೋಡದೆ ಬಿಸಿ ರೊಟ್ಟಿಯೊಂದನ್ನು ಬಟ್ಟೆಯಲ್ಲಿ ಸುತ್ತಿದಳು. ಓಯ್ಜಮಾಲ್ ಒಲೆಯ ಆಚೆ ನಿಂತು ಕಡ್ಡಿಗಳನ್ನು ಒಪ್ಪ ಮಾಡುತ್ತಿದ್ದಳು. ಹುಲ್ಕರ್ ಅವಳ ಕಣ್ಣು ಹುಡುಕಿದಳು. ಓಯ್ಜಮಾಲಳ ಕಣ್ಣು ಕಡ್ಡಿಗಳ ಮೇಲೇ ಇತ್ತು. ಅಮ್ಮನೂ ಸೊಸೆಯೂ ಒಬ್ಬರಿಗೊಬ್ಬರು ಒಂದೂ ಮಾತಾಡುತ್ತಿಲ್ಲವೆಂದು ಆಗ ಹೊಳೆದಿದ್ದರೆ ಅವಳ ದಿನ ಬೇರೆಯಾಗುತ್ತಿತ್ತೇನೋ. ಭಯ ಒಬ್ಬರಿಗೇ ಇರುತ್ತದೆ ಎಂದು ಭಯಪಟ್ಟವರಿಗೆ ಅನಿಸುತ್ತದೆ.

ಹೊತ್ತೇರಿದಂತೆ ಪಕ್ಕದ ಮನೆಯ ಮುದುಕಿ, ಎಲ್ಲರಿಗೂ ಬುವಿ ಎಂದರೆ ಅಜ್ಜಿಯಾದ ಇನೋಯತ್ ಬುವಿ ಬಂದಳು. ಜೊತೆಗೆ ಬೀದಿಯ ಕೊನೆಯ ದರ್ಜಿ ಮುಕರ್ರಮ್ ಆಪಾ. ನಿನ್ನೆಯ ಗದ್ದಲದಲ್ಲಿ ಹುಡುಗಿಯನ್ನು ಸರಿಯಾಗಿ ನೋಡಲಾಗಲಿಲ್ಲವೆಂದು ಇಬ್ಬರೂ ಗೋಡೆಯ ಕೆಳಗಿನ ನೆಲಹಾಸಿನ ಮೇಲೆ ಸರಿಯಾಗಿ ಕೂತರು, ಸರಿಯಾಗಿ ಆ ಮೊಳೆಗಳ ಕೆಳಗೆ.

"ಬಾರೇ ಇಲ್ಲಿ, ಜಪಾನಿನ ಮಗಳೇ, ಮುಖ ತೋರ್ಸು," ಎಂದಳು ಬುವಿ. "ಅಯ್ಯೋ, ಅಲ್ಲೇನು ಬರೀ ಹುಲ್ಲು ತಿನ್ನಿಸ್ತಿದ್ರಾ ನಿಂಗೆ? ಕತ್ತು ನೋಡು, ಕೋಳಿಮರಿ ಕತ್ತು."

"ಹುಲ್ಲಲ್ಲ ಬುವಿ, ಸಮುದ್ರದ ಪಾಚಿ."

"ಅದೇ ಆಯ್ತಲ್ಲ, ನೀರೊಳಗಿನ ಹುಲ್ಲು."

ಎಲ್ಲರೂ ನಕ್ಕರು. ಹುಲ್ಕರ್ ಸೊಂಟದಿಂದ ಬಾಗಿ ವಂದಿಸಿದಳು. ಬಾಗಿದ ಮೇಲೆ ಗೊತ್ತಾಯಿತು, ಇಲ್ಲಿ ಹಾಗೆ ಬಾಗುವುದಿಲ್ಲ.

"ಏನಾದ್ರೂ ಬಿದ್ದುಹೋಯ್ತೇನೇ?" ಎಂದು ಮುಕರ್ರಮ್ ಆಪಾ ನೆಲ ಹುಡುಕುವಂತೆ ನಟಿಸಿದಳು. "ಸೂಜಿ ಆದ್ರೆ ನಂಗೆ ಕೊಡು."

ಮತ್ತೆ ನಗು. ನಗುವಿನಲ್ಲಿ ವಿಷವೇನೂ ಇರಲಿಲ್ಲ. ಆದರೂ ಅವಳ ಕಿವಿ ಬಿಸಿಯಾಯಿತು. ಅಲ್ಲಿ ಮೊದಮೊದಲು ಬಾಗಲು ಮರೆತು ನಾಚಿಕೆಪಟ್ಟಿದ್ದಳು, ಇಲ್ಲಿ ಬಾಗಿ ನಾಚಿಕೆ. ಚಹಾ ಕೊಡುವ ಕೆಲಸಕ್ಕೆ ತಾನೇ ಕೂತಳು. ಕೈಗೆ ಏನಾದರೂ ಬೇಕಿತ್ತು. ಮುಕರ್ರಮ್ ಆಪಾ ಆಗ ಪಕ್ಕದ ಬೀದಿಯ ಸುದ್ದಿ ತೆಗೆದಿದ್ದಳು. ಯಾರದೋ ಮಗ, ರಷ್ಯಾದ ಯಾವುದೋ ಊರಿನಲ್ಲಿ ಕಟ್ಟಡದ ಮೇಲಿಂದ ಬಿದ್ದನಂತೆ. ತಗಡಿನ ಪೆಟ್ಟಿಗೆಯಲ್ಲಿ ಬಂದನಂತೆ. "ತೆರೀಬೇಡಿ ಅಂತ ಹೇಳಿ ಕಳ್ಸಿದ್ರಂತೆ. ತಾಯಿ ಪೆಟ್ಟಿಗೆ ಮೇಲೆ ಕೈಯಾಡಿಸ್ತಾ, ತಲೆ ಯಾವ ಕಡೆ, ತಲೆ ಯಾವ ಕಡೆ ಅಂತ ಕೇಳ್ತಾನೇ ಇದ್ಲಂತೆ."

"ಸಾಕು ಮಾರಾಯ್ತಿ," ಎಂದಳು ಇನೋಯತ್ ಬುವಿ. "ಯಾರ ಮನೇಲಿ ಕೂತು ಏನು ಮಾತು."

ಅಮ್ಮ ಬಟ್ಟೆಯ ಮೇಲೆ ಬಿದ್ದಿದ್ದ ರೊಟ್ಟಿಯ ಚೂರುಗಳನ್ನು ಒಂದೊಂದಾಗಿ ಬೆರಳತುದಿಯಿಂದ ಒತ್ತಿ ತೆಗೆಯುತ್ತಿದ್ದಳು. ಹುಲ್ಕರ್ ಕೆಟಲು ಬಗ್ಗಿಸಿ ಹಿಡಿದಿದ್ದಳು, ಹಿಡಿದೇ ಇದ್ದಳು. ಚಹಾ ಪಿಯಾಲೆಯ ಅಂಚಿಗೆ ಬಂದು ಉಬ್ಬಿ ನಿಂತಿತು. ಬಂದವರಿಗೆ ತಳದಲ್ಲಿ ಒಂದಿಷ್ಟು ಹಾಕಿ, ಮುಗಿದಂತೆ ಮತ್ತೆ ಮತ್ತೆ ಹಾಕಿ ಕೂರಿಸಿಕೊಳ್ಳುವುದು ಮರ್ಯಾದೆ. ತುಂಬಿಸಿ ಕೊಟ್ಟರೆ ಕುಡಿದು ಹೊರಡಿ ಎಂದಂತೆ. ಚಿಕ್ಕ ಮಗುವೂ ಈ ತಪ್ಪು ಮಾಡುವುದಿಲ್ಲ. ತುಂಬಿದ ಪಿಯಾಲೆ ಆಗಲೇ ಬುವಿಯ ಮುಂದೆ ಹೋಗಿಯಾಗಿತ್ತು.

"ಓಹೋ," ಎಂದು ಮುಕರ್ರಮ್ ಆಪಾ ಹುಬ್ಬೇರಿಸಿದಳು. "ಏಳೋಣ ಬುವಿ, ನಮ್ಮನ್ನ ಕಳಿಸ್ತಾ ಇದಾರೆ."

ಇನೋಯತ್ ಬುವಿ ಪಿಯಾಲೆಯನ್ನು ಎರಡೂ ಕೈಯಲ್ಲಿ ಎತ್ತಿ, ಸುಡುವ ಚಹಾವನ್ನು ಒಂದೇ ಸಮನೆ ತಳ ಕಾಣುವವರೆಗೂ ಕುಡಿದಳು. ಅವಳ ಕಣ್ಣಲ್ಲಿ ನೀರು ಬಂತು. "ಬಾಯಾರಿತ್ತು ನಂಗೆ," ಎಂದಳು. "ಕೇಳೋಕೆ ಮುಂಚೆ ಮಗುಗೆ ಗೊತ್ತಾಯ್ತು. ಇನ್ನೂ ಒಂದು ಹಾಕಮ್ಮ."

ಆ ದಯೆಯನ್ನು ಹುಲ್ಕರ್ ಆಮೇಲೆ ಎಷ್ಟೋ ಸಲ ನೆನೆಸಿಕೊಂಡಳು. ಆಗ ಮಾತ್ರ ಅದು ಇನ್ನೊಂದು ಭಾರದಂತೆ ಎದೆಯ ಮೇಲೆ ಕೂತಿತು. ಏಕೆಂದರೆ ಏಳುವ ಮುಂಚೆ ಬುವಿ ತಲೆ ಎತ್ತಿ ಗೋಡೆ ನೋಡಿದಳು. "ಒಂದು ಇಳೀತು. ಇನ್ನೊಂದೂ ಬೇಗ ಇಳೀಲಿ. ನಮ್ಮ ಇಲ್ಹೋಮ್ ಬಂದು ಅವನ ಕೈಯಾರೆ ಮುರಿದು ತಿನ್ನಲಿ," ಎಂದು ಅಂಗೈ ಎತ್ತಿದಳು. ಎಲ್ಲರೂ ಎತ್ತಿದರು. ಹುಲ್ಕರಳೂ ಎತ್ತಿದಳು. ತಾನು ಕಚ್ಚಿದ ರೊಟ್ಟಿಯ ಕೆಳಗೆ ಕೂತು, ತಾನು ತಿಂದುಬಿಟ್ಟ ರೊಟ್ಟಿಗಾಗಿ ಪ್ರಾರ್ಥನೆ. ಅಂಗೈ ಮುಖದ ಮೇಲೆ ಹಾದಾಗ ಬೆರಳ ಸಂದಿನಿಂದ ಅಮ್ಮನ ಮುಖ ಕಂಡಿತು. ಅಮ್ಮ ಕಣ್ಣು ಮುಚ್ಚಿರಲಿಲ್ಲ.

ಮಧ್ಯಾಹ್ನದ ಬಿಸಿಲಿಗೆ ಬೀದಿ ಸುಮ್ಮನಾಯಿತು. ಅಮ್ಮ ದ್ರಾಕ್ಷಿ ಚಪ್ಪರದ ಕೆಳಗಿನ ಮಂಚದಲ್ಲಿ ಮಗ್ಗುಲಾದಳು. ಹುಲ್ಕರ್ ಕೋಣೆಯಲ್ಲಿ ಕೂತು ತನಗೆ ತಾನೇ ಪಾಠ ಹೇಳಿಕೊಂಡಳು. ರೊಟ್ಟಿ ಎಂದರೆ ಹಿಟ್ಟು, ನೀರು, ಉಪ್ಪು. ಒಣಗಿದರೆ ಕೆಡುವುದಿಲ್ಲ, ತೇವವಿದ್ದರೆ ಕೆಡುತ್ತದೆ. ಸಾವಿರಾರು ಮೈಲಿ ಆಚೆ ಕಟ್ಟಡವೊಂದರ ಮೇಲೆ ನಿಂತ ಗಂಡಸಿನ ಕಾಲಿಗೂ ಇದಕ್ಕೂ ಸಂಬಂಧವಿಲ್ಲ. ಇದನ್ನು ಅವಳು ಯಾವ ಪರೀಕ್ಷೆಯಲ್ಲಿ ಬೇಕಾದರೂ ಬರೆಯಬಲ್ಲಳು. ಆದರೆ ಹೊಟ್ಟೆ ಓದು ಕಲಿತಿರಲಿಲ್ಲ. ಅಲ್ಲಿ ನಿನ್ನೆಯ ತುಂಡುಗಳು ಕರಗದೆ ಕೂತಿವೆ ಎನಿಸಿತು; ಅಣ್ಣನ ಹಲ್ಲು ತಾಕಿದ ಅಂಚು ಕೂಡ ಇದೆ, ಅವನು ಬರಬೇಕಾದ ದಾರಿಯನ್ನು ತಾನು ಅಗಿದು ನುಂಗಿದ್ದೇನೆ. ಅವನ ಸಂಖ್ಯೆ ಒತ್ತಿದಳು. ರಷ್ಯನ್ ಹೆಂಗಸಿನ ಧ್ವನಿಯೊಂದು ನಯವಾಗಿ, ನೀವು ಕರೆದವರು ಸಿಗುವುದಿಲ್ಲ ಎಂದಿತು. ಮತ್ತೆ ಒತ್ತಿದಳು. ಅದೇ ನಯ. ಅವಳ ಕಣ್ಣ ಮುಂದೆ, ತಗಡಿನ ಪೆಟ್ಟಿಗೆಯ ಮೇಲೆ ಕೈಯಾಡಿಸುತ್ತಿದ್ದ ತಾಯಿಗೆ ಅಮ್ಮನ ಬೆರಳುಗಳು ಬಂದವು.

ಅಮ್ಮ ನೋಡಿದರೆ? ಅಮ್ಮ ಒಂದು ದಿನ ಧೂಳು ಕೊಡವಲು ಗಂಟು ಬಿಚ್ಚಿದರೆ? ಆ ಏಣನ್ನು ಕಂಡರೆ? ಅಮ್ಮ ಆ ಕ್ಷಣದಿಂದ ಮಗನನ್ನು ಸತ್ತವನೆಂದೇ ಎಣಿಸುತ್ತಾಳೆ. ಹಾಗಾಗಬಾರದು. ಹುಲ್ಕರ್ ಎದ್ದಳು. ಗಂಟು ಇಳಿಸಿದಳು. ಅವಳ ಯೋಚನೆ ಸರಳವಾಗಿತ್ತು, ಕಳ್ಳರ ಯೋಚನೆ ಸರಳವಾಗಿರುವಂತೆ: ಆ ಏಣನ್ನು ಕಚ್ಚಿ ತೆಗೆದುಬಿಟ್ಟರೆ ಎರಡು ಗುಳಿ ಒಂದಾಗುತ್ತದೆ, ಯಾರದೆಂದು ಹೇಳಲಾಗದು. ರೊಟ್ಟಿಯನ್ನು ಬಾಯಿಯ ಹತ್ತಿರ ತಂದು ಹಳೆಯ ಗುರುತಿಗೆ ಹಲ್ಲು ಕೂರಿಸಿದಳು. ಕೂರಲಿಲ್ಲ. ಈಚೆ ಸರಿಸಿದಳು, ಆಚೆ ಸರಿಸಿದಳು. ತನ್ನದೇ ಕಚ್ಚು, ತನ್ನದೇ ಬಾಯಿ, ಒಂದರೊಳಗೊಂದು ಹೊಂದದು. ಮುಖ ಅಡ್ಡಡ್ಡ ಮಾಡಿ, ನಾಯಿ ಎಲುಬು ಕಚ್ಚುವ ಹಾಗೆ ಪ್ರಯತ್ನಿಸುತ್ತಿದ್ದಾಗ ಬಾಗಿಲ ಪರದೆ ಸರಿಯಿತು.

ಓಯ್ಜಮಾಲ್ ಒಗೆದು ಮಡಿಸಿದ ದಿಂಬಿನ ಹೊದಿಕೆಗಳನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಹುಲ್ಕರ್ ರೊಟ್ಟಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟಳು. ಇಬ್ಬರಿಗೂ ಅದು ವ್ಯರ್ಥವೆಂದು ಗೊತ್ತಿತ್ತು.

"ಅತ್ತಿಗೆ, ತಪ್ಪಾಗಿದೆ," ಎಂದಳು ಹುಲ್ಕರ್. ಧ್ವನಿ ಪಿಸುಮಾತಾಗಿತ್ತು. "ನಿನ್ನೆ ನೀವು ಇಳಿಸಿದ್ದು ನಂದಲ್ಲ. ಅಣ್ಣಂದು. ಸುಣ್ಣ ಹೊಡೆಸಿದಾಗ ಬದಲಾಗಿದೆ. ನಿಮ್ಮ ತಪ್ಪಲ್ಲ. ಈಗ ಏನ್ಮಾಡೋದು ಹೇಳಿ. ಅಮ್ಮಂಗೆ ಗೊತ್ತಾಗ್ಬಾರ್ದು. ಅವನಿಗೆ ಏನಾದ್ರೂ ಆದ್ರೆ ನಾನು..."

ಓಯ್ಜಮಾಲ್ ಹೊದಿಕೆಗಳನ್ನು ನೆಲಹಾಸಿನ ಮೇಲೆ ಇಟ್ಟಳು. ಒಂದರ ಮಡಿಕೆ ಬಿಚ್ಚಿತ್ತು, ಅದನ್ನು ಸರಿಮಾಡಿದಳು. ಆಮೇಲೆ ಹೇಳಿದಳು: "ಬದಲಾಗಿರ್ಲಿಲ್ಲ, ಹುಲ್ಕರ್‌ಜಾನ್. ಸುಣ್ಣ ಹೊಡೆದ ಮೇಲೆ ತೂಗುಹಾಕಿದ್ದು ನಾನೇ. ಎಡಗಡೆ ನಿಮ್ದು, ಬಲಗಡೆ ಅವರ್ದು. ನಂಗೆ ಗೊತ್ತಿತ್ತು."

"ಗೊತ್ತಿತ್ತಾ?"

"ಗೊತ್ತಿದ್ದೇ ಕೊಟ್ಟೆ."

ಹೊರಗೆ ದ್ರಾಕ್ಷಿ ಚಪ್ಪರದಲ್ಲಿ ಕಣಜ ಗುಂಯ್‌ಗುಡುತ್ತಿತ್ತು.

"ವಸಂತದಲ್ಲಿ ಫೋನ್ ಮಾಡಿದ್ರು," ಎಂದಳು ಓಯ್ಜಮಾಲ್. ಒಗೆದ ಬಟ್ಟೆಯ ಬಗ್ಗೆ ಹೇಳುವ ಹಾಗೆ ಹೇಳಿದಳು. "ಅಲ್ಲಿ ಒಬ್ಳಿದಾಳಂತೆ. ಮಗೂನೂ ಆಗಿದೆಯಂತೆ, ಹೆಣ್ಮಗು. ನೀನು ಕಾಯ್ಬೇಡ, ಅಮ್ಮಂಗೆ ನಾನೇ ಹೇಳ್ತೀನಿ ಅಂದ್ರು. ಹೇಳ್ಲಿಲ್ಲ. ನಾನೂ ಹೇಳ್ಲಿಲ್ಲ. ಹೇಳಿದ್ರೆ ನಾನ್ಯಾರು ಈ ಮನೇಲಿ? ನಂಗೊಂದು ಮಗು ಕೂಡ ಇಲ್ಲ. ಗಂಟು ಕಟ್ಕೊಂಡು ತವರಿಗೆ ಹೋಗ್ಬೇಕು. ಅಲ್ಲಿ ತಮ್ಮನ ಹೆಂಡ್ತಿ ಬಾಗಿಲಲ್ಲಿ ನಿಂತಿರ್ತಾಳೆ." ಸ್ವಲ್ಪ ನಿಲ್ಲಿಸಿದಳು. "ದಿನಾ ಬೆಳಿಗ್ಗೆ ಈ ಕೋಣೆ ಗುಡಿಸ್ತೀನಿ. ದಿನಾ ಆ ರೊಟ್ಟಿ ಮೇಲಿಂದ ನನ್ನೇ ನೋಡ್ತಿತ್ತು. ಬಿಸಾಕೋಣ ಅಂದ್ರೆ ರೊಟ್ಟಿ ಬಿಸಾಕೋಕೆ ಆಗತ್ತಾ? ಹಕ್ಕಿಗೆ ಹಾಕೋಣ ಅಂದ್ರೆ ಅಮ್ಮ ಮೊಳೆ ನೋಡ್ತಾರೆ. ನಾನೇ ತಿನ್ನೋಣ ಅಂತ ಒಂದ್ಸಲ ಬಿಚ್ಚಿದ್ದೆ. ಗಂಟಲಲ್ಲಿ ಇಳೀಲಿಲ್ಲ. ನೀವು ಬಂದ್ರಿ. ಮನೇ ಮಗಳು. ಅವರ ರಕ್ತ. ನೀವು ತಿಂದ್ರೆ ಪಾಪ ಇಲ್ಲ ಅನ್ನಿಸ್ತು. ಹಿಂಗೆ ಹೆದರ್ತೀರ ಅಂತ ಗೊತ್ತಿರ್ಲಿಲ್ಲ. ಓದ್ದೋರು ಇಂಥದಕ್ಕೆಲ್ಲ ಹೆದ್ರಲ್ಲ ಅನ್ಕೊಂಡಿದ್ದೆ."

ಹುಲ್ಕರಳಿಗೆ ಮೊದಲು ಬಂದದ್ದು ನಾಚಿಕೆಗೇಡಿನ ಸಂತೋಷ. ಅವನು ಬದುಕಿದ್ದಾನೆ. ಬಿದ್ದಿಲ್ಲ, ಪೆಟ್ಟಿಗೆಯಲ್ಲಿಲ್ಲ, ಎಲ್ಲೋ ಒಂದು ಬಿಸಿ ಕೋಣೆಯಲ್ಲಿ ಹೆಣ್ಣುಮಗುವೊಂದನ್ನು ಹೆಗಲ ಮೇಲೆ ಹಾಕಿಕೊಂಡು ಓಡಾಡುತ್ತಿದ್ದಾನೆ. ಆ ಸಂತೋಷ ತನ್ನ ಮುಖದ ಮೇಲೆ ಕಾಣುತ್ತಿದೆ, ಎದುರಿಗಿರುವವಳು ಅದನ್ನು ನೋಡುತ್ತಿದ್ದಾಳೆ ಎಂದು ಗೊತ್ತಾದಾಗ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ. ಅವಳು ನುಂಗಿದ್ದು ಅಣ್ಣನ ಜೀವವಲ್ಲ, ಅತ್ತಿಗೆಯ ಕಾಯುವಿಕೆ. ಪರೀಕ್ಷೆಯ ದಿನ ಮೇಜಿನ ಮೇಲೆ ಗುಂಯ್‌ಗುಟ್ಟಿದ ಫೋನು ಬಹುಶಃ ಇದನ್ನೇ ಹೇಳಲು ಬಂದಿತ್ತು. ತಂಗಿಗೆ ಮೊದಲು ಹೇಳಿ, ತಂಗಿಯ ಬಾಯಿಂದ ಅಮ್ಮನಿಗೆ ಹೇಳಿಸಲು. ಅವಳು ಆಮೇಲೆ ಎಂದಿದ್ದಳು. ಆ ಪದವನ್ನು ಈ ಹೆಂಗಸು ಇಷ್ಟು ತಿಂಗಳು ಒಬ್ಬಳೇ ಹೊತ್ತಿದ್ದಳು.

"ಅತ್ತಿಗೆ," ಎಂದಳು. ಅವಳ ಕಡೆ ಒಂದು ಹೆಜ್ಜೆ ಇಟ್ಟಳು.

ಆಗ ಪರದೆ ಇನ್ನೊಮ್ಮೆ ಸರಿಯಿತು. ಅಮ್ಮ ಬರಿಗಾಲಲ್ಲಿ ಬಂದಿದ್ದರಿಂದ ಸದ್ದಾಗಿರಲಿಲ್ಲ. ಎಷ್ಟು ಹೊತ್ತಿನಿಂದ ಅಲ್ಲಿದ್ದಳೋ. ಗೋಡೆಯ ಮೇಲೆ ಎರಡೂ ಮೊಳೆ ಖಾಲಿ ಇದ್ದವು. ಹುಲ್ಕರ್ ಬೆನ್ನ ಹಿಂದಿನ ರೊಟ್ಟಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಚಿಕ್ಕಂದಿನಲ್ಲಿ ಅಮ್ಮನ ನೀಲಿ ತಟ್ಟೆ ಒಡೆದು ಚೂರುಗಳನ್ನು ಲಂಗದಲ್ಲಿ ಮುಚ್ಚಿಕೊಂಡು ನಿಂತದ್ದೂ ಹೀಗೆಯೇ. ಓಯ್ಜಮಾಲ್ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಅಂಟಿ ನಿಂತಳು. ಅವಳ ಮುಖದಲ್ಲಿ ಆಗ ಕಂಡ ಭಯದ ಮುಂದೆ ತನ್ನ ಬೆಳಗಿನಿಂದಿನ ಭಯ ಮಕ್ಕಳಾಟದಂತೆ ಕಂಡಿತು ಹುಲ್ಕರಳಿಗೆ.

ಅಮ್ಮ ಕೈಚಾಚಿದಳು. ಹುಲ್ಕರ್ ರೊಟ್ಟಿಯನ್ನು ಕೊಟ್ಟಳು. ಅಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿಯಲಿಲ್ಲ, ನೋಡಲೂ ಇಲ್ಲ. ಹೆಬ್ಬೆರಳನ್ನು ಅಂಚಿನ ಮೇಲೆ ಆಡಿಸಿ ಆ ಏಣಿನ ಹತ್ತಿರ ನಿಲ್ಲಿಸಿದಳು.

"ನನ್ನ ಮಕ್ಕಳ ಹಲ್ಲು ನಂಗೆ ಗೊತ್ತಾಗಲ್ವಾ," ಎಂದಳು. "ನಿನ್ನೆ ಓಯ್ಜಮಾಲ್ ಬಲಗಡೆ ಮೊಳೆಗೆ ಕೈ ಹಾಕಿದಾಗ್ಲೇ ನೋಡ್ದೆ. ಮನೆ ತುಂಬ ಜನ. ಏನಂತ ಕೂಗ್ಲಿ?"

ಅವಳ ಹೆಬ್ಬೆರಳು ಇನ್ನೂ ಆ ಏಣಿನ ಮೇಲೇ ಇತ್ತು.

"ತಿಳಿದವಳು ತಪ್ಪಿ ಇಳ್ಸಲ್ಲ. ಅವನಿಂದ ಏನೋ ಸುದ್ದಿ ಬಂದಿದೆ, ನನ್ನಿಂದ ಮುಚ್ಚಿಟ್ಟಿದಾಳೆ ಅಂತ ಗೊತ್ತಾಯ್ತು. ರಾತ್ರಿಯಿಂದ ಕೇಳೋಣ ಅಂತಿದೀನಿ, ಬಾಯಿ ಬರ್ಲಿಲ್ಲ. ಆ ಮುಕರ್ರಮ್ ಬೇರೆ ಬಂದು ಪೆಟ್ಟಿಗೆ ಕತೆ ಹೇಳಿದ್ಲು." ಅಮ್ಮ ಸೊಸೆಯ ಕಡೆ ತಿರುಗಿದಳು. "ಈಗ್ಲೂ ಪರದೆ ಆಚೆ ನಿಂತಿದ್ದೆ. ಕಿವಿ ಗುಂಯ್ ಅಂತಿತ್ತು, ನೀವು ಮಾತಾಡಿದ್ದು ಏನೂ ಹಿಡೀಲಿಲ್ಲ. ಒಂದೇ ಹೇಳು. ಬದುಕಿದಾನಾ?"

"ಇದಾರೆ ಅಮ್ಮ," ಎಂದಳು ಓಯ್ಜಮಾಲ್. "ಚೆನ್ನಾಗಿದಾರೆ. ಬರಲ್ಲ, ಅಷ್ಟೇ."

ಅಮ್ಮ ಅಲ್ಲೇ ಕೂತಳು, ದಿಂಬಿನ ಹೊದಿಕೆಗಳ ಮೇಲೆಯೇ. ಸ್ವಲ್ಪ ಹೊತ್ತು ಅವಳ ಬಾಯಿ ತೆರೆದೇ ಇತ್ತು, ಬಹಳ ದೂರ ಓಡಿ ಬಂದವಳ ಹಾಗೆ. ನಿನ್ನೆ ಸಂಜೆಯಿಂದ ಈ ಮನೆಯೊಳಗೆ ಮೂರು ಹೆಂಗಸರು ಮೂರು ಬೇರೆ ಬೇರೆ ಭಯಗಳನ್ನು ಹೊತ್ತುಕೊಂಡು, ಒಬ್ಬರಿಗೊಬ್ಬರು ಚಹಾ ಬಗ್ಗಿಸಿಕೊಡುತ್ತ ಓಡಾಡಿದ್ದರು. ಅದು ಹುಲ್ಕರಳಿಗೆ ಈಗ ಕಂಡಿತು. ಅಮ್ಮ ಉಳಿದದ್ದನ್ನು ಕೇಳಲಿಲ್ಲ. ಬರುವುದಿಲ್ಲ ಎನ್ನುವ ಮಾತಿನ ಹಿಂದೆ ಏನಿರುತ್ತದೆಂದು ಈ ಬೀದಿಯ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎದ್ದು, ರೊಟ್ಟಿಯನ್ನು ಹೂಬಟ್ಟೆಯಲ್ಲಿ ಸುತ್ತಿ, ಎಡಗಡೆಯ ಮೊಳೆಗೆ ತೂಗುಹಾಕಿ, ಗಂಟನ್ನು ಒಮ್ಮೆ ತಟ್ಟಿದಳು.

"ಹಲ್ಲು ಯಾರು ಸರಿಮಾಡಿದ್ರೇನು, ಬಾಯಿ ನಿಂದೇ," ಎಂದಳು ಮಗಳಿಗೆ. "ನಿಂಗೆ ತಿನ್ಬೇಕು ಅನ್ನಿಸ್ದಾಗ ತಿನ್ನು. ನಾನು ಅವಸರ ಮಾಡಲ್ಲ."

ಆಮೇಲೆ ಬಾಗಿಲ ಬಳಿ ನಿಂತು, ತಿರುಗಿ ನೋಡದೆ, "ಇವತ್ತಿನ ಅಡಿಗೆ ನಂದು. ನೀವಿಬ್ರೂ ಒಳಗೆ ಬರಬೇಡಿ," ಎಂದು ಹೋದಳು.

ಅವರಿಬ್ಬರೂ ಅಡಿಗೆಮನೆಗೆ ಹೋಗಲಿಲ್ಲ. ಹೊತ್ತು ಇಳಿಯುವ ತನಕ ಚಪ್ಪರದ ಕೆಳಗೆ ಕೂತು ದಿಂಬುಗಳಿಗೆ ಹೊದಿಕೆ ಹಾಕಿದರು. ಒಂದು 'ಅಷ್ಟೇ'ಯ ಒಳಗೆ ಏನೇನು ಮುಚ್ಚಿಟ್ಟು ಬಂದೆ ಎಂದು ಓಯ್ಜಮಾಲ್ ಯೋಚಿಸುತ್ತಿರಬೇಕು. ಕೈ ನಿಲ್ಲುತ್ತಿತ್ತು, ಮತ್ತೆ ಕೆಲಸಕ್ಕೆ ತೊಡಗುತ್ತಿತ್ತು. ಒಮ್ಮೆ ಎದ್ದು ತನ್ನ ಕೋಣೆಗೆ ಹೋದಳು. ಪೆಟ್ಟಿಗೆಯ ಮುಚ್ಚಳ ತೆರೆದ ಸದ್ದಾಯಿತು. ಗಂಟು ಕಟ್ಟುತ್ತಿದ್ದಾಳೆ ಎಂದು ಹುಲ್ಕರ್ ಕೈಯ ದಿಂಬು ಕೆಳಗಿಟ್ಟಳು. ಒಳಗೆ ಹೋಗಿ ತಡೆಯುವುದೆ, ತಡೆಯಲು ತಾನ್ಯಾರು, ತಾನಾದರೂ ಈ ಮನೆಯಲ್ಲಿ ಇರುವವಳೇ ಎಂದು ಹೇಳುವವರಾರು. ಅಡಿಗೆಮನೆಯಲ್ಲಿ ಸೌಟು ತಳಕ್ಕೆ ತಾಗುತ್ತಿತ್ತು. ಅಮ್ಮನಿಗೂ ಆ ಮುಚ್ಚಳದ ಸದ್ದು ಕೇಳಿರಲೇಬೇಕು. ಸೌಟು ಒಂದು ಕ್ಷಣ ನಿಂತಿತ್ತು.

ಕತ್ತಲಾಗುವ ಮುಂಚೆ ಅಮ್ಮ ದಸ್ತರ್‌ಖಾನ್ ಹಾಸಿದಳು. ಹೆಸರುಕಾಳು, ಅಕ್ಕಿ ಬೇಯಿಸಿದ ಕಿಚಿರಿ, ಮೇಲೆ ಹುರಿದ ಈರುಳ್ಳಿ, ಕೊಬ್ಬಿನ ಚೂರು, ಗಟ್ಟಿ ಮೊಸರು. ಓಯ್ಜಮಾಲ್ ಪ್ರಯಾಣದ ಅಂಗಿ ಹಾಕಿಕೊಂಡು ಬಂದು ಬಾಗಿಲ ಹತ್ತಿರ, ಸೊಸೆಯರು ಕೂರುವ ತುದಿಯಲ್ಲಿ, ಅರ್ಧ ಎದ್ದಂತೆ ಕೂತಳು. ಮೊದಲ ಬಟ್ಟಲು ಮನೆಯ ಹಿರಿಯರಿಗೆ, ಆಮೇಲೆ ಮಗನಿಗೆ, ಮಗಳಿಗೆ. ಸೊಸೆಯದು ಕೊನೆಗೆ, ತಳದಲ್ಲಿ ಉಳಿದದ್ದು. ಅಪ್ಪ ಇದ್ದಾಗಿನಿಂದ ಹಾಗೆ.

ಅಮ್ಮ ದೊಡ್ಡ ಬಟ್ಟಲೊಂದನ್ನು ತೆಗೆದು, ನಡುವಿನಿಂದ ಕಿಚಿರಿ ತೋಡಿ ತುಂಬಿಸಿದಳು. ಮೊಸರು ಹಾಕಿದಳು. ಸ್ವಲ್ಪ ಯೋಚಿಸಿ ಇನ್ನೊಂದು ಚಮಚ ಹಾಕಿದಳು. ನಂತರ ಮಂಡಿಯ ಮೇಲೆ ಸರಿದು, ದಸ್ತರ್‌ಖಾನಿನ ಉದ್ದಕ್ಕೂ ಬಾಗಿ, ದೊಡ್ಡ ಅತಿಥಿಗಳಿಗೆ ಕೊಡುವ ಹಾಗೆ ಎಡಗೈಯನ್ನು ಎದೆಯ ಮೇಲಿಟ್ಟುಕೊಂಡು, ಬಲಗೈಯಿಂದ ಆ ಬಟ್ಟಲನ್ನು ಬಾಗಿಲ ಬಳಿಯವಳ ಮುಂದೆ ಹಿಡಿದಳು.

ಬಟ್ಟಲು ಭಾರವಿತ್ತು. ಅಮ್ಮ ಇಳಿಸಲಿಲ್ಲ. ಓಯ್ಜಮಾಲ್ ಎರಡೂ ಕೈ ಚಾಚಿ ತೆಗೆದುಕೊಂಡಳು.